ತೊಟ್ಟಿಲ ಮೇಲಿನ ಸೋಲಾರ್ ಹೆಂಚು

ಆ ಕಲೆ ಮೊದಲು ಕಂಡಾಗ ಕಡಲೆಕಾಳಿನಷ್ಟಿತ್ತು.

ಅಂಜನ್‌ನನ್ನು ಮಲಗಿಸಲು ತೊಟ್ಟಿಲು ತೂಗುತ್ತಾ ಮೇಲೆ ನೋಡುತ್ತಿದ್ದೆ. ಸೂರಿನ ಹಲಗೆಯಲ್ಲಿ, ತೊಟ್ಟಿಲ ಹಗ್ಗ ಕಟ್ಟಿದ ತೊಲೆಯ ಪಕ್ಕದಲ್ಲೇ, ಕಂದು ಬಣ್ಣದ ಒಂದು ಚುಕ್ಕೆ. ಹಿಂದಿನ ದಿನ ಅದು ಅಲ್ಲಿರಲಿಲ್ಲ. ಆ ಹಲಗೆಗಳಲ್ಲಿರುವ ಮರದ ಗಂಟುಗಳು ಒಂದೊಂದೂ ನನಗೆ ಗೊತ್ತು. ಮಗು ಮಲಗುವ ತನಕ ಬೇರೆ ಕೆಲಸವಿಲ್ಲದೆ ಅವನ್ನೇ ನೋಡುತ್ತಾ ಕೂರುತ್ತೇನೆ.

ಅಂಜನ್ ನನ್ನ ಅಕ್ಕ ಹೇಮಾವತಿಯ ಮಗ. ಇನ್ನೂ ಅಂಬೆಗಾಲಿಡುವುದಕ್ಕೂ ಬಂದಿಲ್ಲ. ಅಕ್ಕ ಚಿತ್ರದುರ್ಗದ ಬಸ್ಸಿನಲ್ಲಿ ಕಂಡಕ್ಟರ್. ಭಾವ ಜಯಕುಮಾರ್ ಚಿಕ್ಕಜಾಜೂರಿನಲ್ಲಿ ರೈಲು ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದಾರೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ನಮ್ಮವ್ವ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲೇ ಇದ್ದೇನೆ. ಮಗುವನ್ನು ನೋಡಿಕೊಳ್ಳುವವಳು ನಾನೇ. ಭಾವನ ತಾಯಿ ಗಂಗಕ್ಕನೂ ಇದ್ದಾರೆ. ಅವರನ್ನು ನಾನು ಅತ್ತೆ ಅಂತ ಕರೆಯುತ್ತೇನೆ.

ನಮ್ಮ ಮನೆ ಮರದ ದಿಮ್ಮಿಗಳದ್ದು. ಹಿಂದೆ ರೈಲು ಹಳಿಯ ಕೆಳಗೆ ಹಾಕುತ್ತಿದ್ದ ಮರದ ಸ್ಲೀಪರುಗಳು ಈಗ ಯಾರಿಗೂ ಬೇಡ. ಎಲ್ಲ ಕಡೆ ಕಾಂಕ್ರೀಟಿನವು ಬಂದಿವೆ. ಭಾವ ಗುಜರಿಯವನೊಬ್ಬನ ಹತ್ತಿರ ಅವನ್ನು ಕೊಂಡು, ಒಂದರ ಮೇಲೊಂದು ಪೇರಿಸಿ, ಬೋಲ್ಟು ಬಿಗಿಸಿ ಗೋಡೆ ಮಾಡಿಸಿದರು. ಚಳಿ ದೇಶದವರು ಹೀಗೆ ಮನೆ ಕಟ್ಟುವುದನ್ನು ಫೋನಿನಲ್ಲಿ ನೋಡಿದ್ದರಂತೆ. ಮರದ ಗೋಡೆ ಬಿಸಿಲನ್ನು ಒಳಗೆ ಬಿಡುವುದಿಲ್ಲ, ಸೂರಿನ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟಿಗೂ ಯಾರ ಮುಖ ನೋಡಬೇಕಾಗಿಲ್ಲ ಎನ್ನುವುದು ಅವರ ಲೆಕ್ಕ. ಊರವರು ಇದನ್ನು ರೈಲು ಮನೆ ಅನ್ನುತ್ತಾರೆ. "ಏನಪ್ಪ ಜಯಕುಮಾರ, ನಿನ್ ಮನೆ ಎಷ್ಟೊತ್ತಿಗೆ ಬಿಡ್ತೈತೆ?" ಅಂತ ದಾರಿಯಲ್ಲಿ ಹೋಗುವವರು ಕೇಳುತ್ತಾರೆ. "ಟಿಕೆಟ್ ತಗಂಡು ಹತ್ತು, ಹೇಳ್ತೀನಿ" ಅನ್ನುತ್ತಾರೆ ಭಾವ.

ಗೆದ್ದಲು ಹತ್ತದಿರಲಿ ಅಂತ ಆ ಕಾಲದಲ್ಲೇ ಸ್ಲೀಪರುಗಳಿಗೆ ಕರಿ ಎಣ್ಣೆ ಕುಡಿಸಿರುತ್ತಾರೆ. ಅದು ಇನ್ನೂ ಮರದೊಳಗಿದೆ. ಮಧ್ಯಾಹ್ನ ಬಿಸಿಲೇರಿದರೆ ಗೋಡೆ ಡಾಂಬರಿನ ವಾಸನೆ ಬಿಡುತ್ತದೆ. ಗೃಹಪ್ರವೇಶಕ್ಕೆ ಮುಂಚೆ, ಉಳಿದಿದ್ದ ಒಂದು ತುಂಡನ್ನು ಅತ್ತೆ ನೀರೊಲೆಗೆ ಹಾಕಿದ್ದರು. ಅದು ಸೌದೆ ಹತ್ತುವ ಹಾಗೆ ಹತ್ತಲಿಲ್ಲ. ಸೀಮೆಎಣ್ಣೆ ಸುರಿದ ಹಾಗೆ ಭಗ್ಗೆಂದು ಎದ್ದು, ಒಲೆಯ ಬಾಯಿಂದ ಹೊರಗೆ ಬಂದು, ಹಂಡೆಯ ಕುತ್ತಿಗೆಯ ತನಕ ಹೋಯಿತು. ಅತ್ತೆ ಸೆರಗು ಒದರಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಆ ತುಂಡಿನಂಥವೇ ನಾಲ್ಕೂ ಕಡೆ ನಿಂತಿರುವ ಮನೆಯೊಳಗೆ ಮಗುವನ್ನು ಮಲಗಿಸಬೇಕಲ್ಲ ಅಂತ ಅವತ್ತಿನಿಂದ ಎದೆಯಲ್ಲಿ ಒಂದು ಭಯ ಕೂತಿತ್ತು.

ಮುಹೂರ್ತ ತಪ್ಪಬಾರದೆಂದು ಸೂರು ಮುಗಿಯುವ ಮೊದಲೇ ಒಕ್ಕಲು ಬಂದಿದ್ದೆವು. ಹಲಗೆ ಬಡಿದು, ಮೇಲೆ ಸದ್ಯಕ್ಕೆ ತಗಡು ಹೊದಿಸಿತ್ತು. ಖಾಯಂ ಸೂರಿಗೆ ಯಾವುದು ಎನ್ನುವ ಮಾತು ನಡೆಯುತ್ತಿದ್ದಾಗ ಚಿತ್ರದುರ್ಗದಿಂದ ಓಬಳೇಶ್ ಬಂದರು. ಸೋಲಾರ್ ಅಂಗಡಿ ಇಟ್ಟುಕೊಂಡಿರುವವರು. ಕೈಯಲ್ಲಿ ಕರಿ ಗಾಜಿನ ಚಪ್ಪಟೆ ಹೆಂಚು. ನಾನು ಒಳಗೆ ಕಿಟಕಿಯ ಪಕ್ಕ ಮಗುವನ್ನು ಎತ್ತಿಕೊಂಡು ನಿಂತು ಕೇಳುತ್ತಿದ್ದೆ.

"ಎರಡು ತರ ಐತೆ ಸಾರ್," ಅಂದರು ಓಬಳೇಶ್. "ಒಂದು, ಮಾಮೂಲಿ ಹೆಂಚು ಹೊದಿಸಿ ಮೇಲೆ ಕಬ್ಬಿಣದ ಸ್ಟ್ಯಾಂಡ್ ಹಾಕಿ ಪ್ಯಾನೆಲ್ ಕೂರ್ಸೋದು. ಇನ್ನೊಂದು ಇದು. ಹೆಂಚೂ ಇದೇ, ಕರೆಂಟೂ ಇದೇ. ಹಲಗೆ ಮೇಲೆ ನೇರ ಹೊಡಿಯೋದು."

"ಸ್ಟ್ಯಾಂಡ್ ಹಾಕಿದ್ರೆ ಮನೆ ತಲೆ ಮೇಲೆ ಮಂಚ ಹೊತ್ತಂಗೆ ಕಾಣ್ತೈತೆ. ಇದೇ ಆಗ್ಲಿ," ಅಂದರು ಭಾವ.

"ಅವಸರ ಮಾಡಬ್ಯಾಡ್ರಿ. ನಾನು ಮರದ ಮನೆ ಮೇಲೆ ಇದುವರೆಗೂ ಹಾಕಿಲ್ಲ. ಎರಡು ಸಾಲು ಹಾಕಿ ಕೊಡ್ತೀನಿ. ಎರಡು ದೀಪ, ಒಂದು ಫ್ಯಾನು ಓಡ್ಲಿ. ಯುಗಾದಿ ತನಕ ನೋಡ್ರಿ, ಆಮೇಲೆ ಪೂರಾ ಸೂರಿಗೆ ಯಾವುದು ಅಂತ ಹೇಳ್ರಿ. ಆದ್ರೆ ಒಂದು ಮಾತು, ಇದರ ಮೇಲೆ ನೆರಳು ಬೀಳಬಾರ್ದು. ಅರ್ಧ ಬಿಸಿಲು ಅರ್ಧ ನೆರಳು ಆಯ್ತು ಅಂದ್ರೆ ಹೆಂಚು ಕಾಯ್ತೈತೆ."

ಭಾವ ಅವತ್ತೇ ಆ ಕಡೆ ಬಾಗಿದ್ದ ಬೇವಿನ ಕೊಂಬೆಯನ್ನು ಕಡಿಸಿದರು.

ತಗಡು ತೆಗೆದು ಎರಡು ಸಾಲು ಹೆಂಚು ಹೊಡೆದಿದ್ದು ಮುಂದಿನ ಸಣ್ಣ ಕೋಣೆಯ ಮೇಲೆ. ಅಲ್ಲಿ ಸೂರು ತಗ್ಗು, ಇಳಿಜಾರೂ ಕಡಿಮೆ. ಕೆಲಸ ಮಾಡಲು ಸುಲಭ. ತೊಟ್ಟಿಲು ಇರುವುದೂ ಆ ಕೋಣೆಯಲ್ಲೇ. ಹೆಂಚಿನ ತಂತಿ ಗೋಡೆಯಲ್ಲಿ ಹಾಯ್ದು ಹೊರಗಿನ ಒಂದು ಡಬ್ಬಿಗೆ ಬರುತ್ತದೆ, ಅಲ್ಲಿಂದ ಬ್ಯಾಟರಿಗೆ. ಡಬ್ಬಿಗೆ ಬೀಗ ಹಾಕಿ, ಕೀಲಿಯನ್ನು ಭಾವನ ಕೈಗೆ ಕೊಟ್ಟು ಓಬಳೇಶ್ ಹೋದರು.

ಕಲೆ ಕಂಡ ದಿನ ನಾನು ಏನೂ ಹೇಳಲಿಲ್ಲ. ಸ್ಟೂಲು ಹತ್ತಿ ಬೆರಳಿಟ್ಟು ನೋಡಿದೆ. ಹಲಗೆ ಬೆಚ್ಚಗಿತ್ತು. ಬಿಸಿಲಿಗೆ ಇರಬಹುದು ಅಂದುಕೊಂಡೆ. ಪಕ್ಕದ ಹಲಗೆಗೂ ಬೆರಳಿಟ್ಟೆ. ಅದು ಅಷ್ಟು ಬೆಚ್ಚಗಿರಲಿಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಅದು ಹುಣಸೆಬೀಜದಷ್ಟಾಯಿತು. ನಡುವೆ ಕಪ್ಪು, ಸುತ್ತ ಕಂದು. ಮಧ್ಯಾಹ್ನ ಡಾಂಬರಿನ ವಾಸನೆಯ ಜೊತೆಗೆ ಇನ್ನೊಂದು ವಾಸನೆ, ತಳ ಹಿಡಿದ ಅನ್ನದಂಥದ್ದು. ನಾನು ಅಡುಗೆಮನೆಗೆ ಓಡಿ ಹೋಗಿ ನೋಡಿದೆ. ಒಲೆ ಮೇಲೆ ಏನೂ ಇರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಭಾವನಿಗೆ ಹೇಳಿದೆ. ಹೇಳಿದೆ ಅಂದರೆ, ಸಾರು ಬಡಿಸುತ್ತಾ ತಟ್ಟೆಗೆ ಹೇಳಿದ ಹಾಗೆ ಹೇಳಿದೆ.

"ಭಾವ, ತೊಟ್ಟಿಲ ಮೇಲೆ ಹಲಗೆ ಕಪ್ಪಗಾಗೈತೆ."

"ಏನಂದೆ? ಜೋರಾಗಿ ಹೇಳಮ್ಮ. ನಮ್ ಟ್ರ್ಯಾಕ್ ಮೇಲೆ ಬರೋ ಎಂಜಿನ್ನಾದ್ರೂ ಒಂದು ಸೀಟಿ ಹೊಡಿತೈತೆ, ನೀನು ಅದನ್ನೂ ಹೊಡಿಯಲ್ಲ."

"ಹಲಗೆ ಕಪ್ಪಗಾಗೈತೆ. ಬಿಸಿ ಐತೆ."

ಭಾವ ಕೈ ತೊಳೆದು ಬಂದು ಟಾರ್ಚು ಬಿಟ್ಟು ನೋಡಿದರು. ಬೆರಳಿಟ್ಟು ನೋಡಿದರು. ಆಗ ಕತ್ತಲಾಗಿತ್ತು, ಹಲಗೆ ತಣ್ಣಗಿತ್ತು.

"ಎಲ್ಲಿ ಬಿಸಿ? ಎಣ್ಣೆ ಬೆವರ್ತೈತೆ ಅಷ್ಟೆ. ಮರಕ್ಕೂ ಬೆವರು ಬರ್ತೈತೆ, ಬ್ಯಾಸಿಗೆ ಅಲ್ವಾ?"

ಹಲಗೆಗಳು ಸ್ಲೀಪರಿನವಲ್ಲ, ಹೊಸ ಮರದವು, ಅವುಗಳಲ್ಲಿ ಎಣ್ಣೆ ಎಲ್ಲಿಂದ ಬರಬೇಕು ಅಂತ ನಾಲಿಗೆಯ ತುದಿಗೆ ಬಂತು. ಅಲ್ಲೇ ಉಳಿಯಿತು.

ಆಮೇಲೆ ನಾನು ಕಾಯಲು ಶುರು ಮಾಡಿದೆ. ಮಗು ಮಲಗಿದರೂ ಕೋಣೆ ಬಿಟ್ಟು ಹೋಗುತ್ತಿರಲಿಲ್ಲ. ಕಾಳು ಆರಿಸುವುದು, ಸೊಪ್ಪು ಬಿಡಿಸುವುದು ಎಲ್ಲ ತೊಟ್ಟಿಲ ಪಕ್ಕದಲ್ಲೇ. ಒಂದು ದಿನ ಬೆಳಗಿನಿಂದ ಮೋಡ ಕವಿದಿತ್ತು, ವಾಸನೆ ಬರಲಿಲ್ಲ. ಸಂಜೆ ಬಿಸಿಲು ಇಳಿದರೆ ವಾಸನೆ ತಾನಾಗಿ ಹೋಗುತ್ತಿತ್ತು. ಒಂದು ದಿನ ಮಾತ್ರ ಉರಿ ಬಿಸಿಲಿದ್ದರೂ ಬರಲಿಲ್ಲ. ಅದು ಅತ್ತೆ ತಮ್ಮ ಅಕ್ಕನ ಮಗಳ ವೀಳ್ಯಶಾಸ್ತ್ರಕ್ಕೆ ಹೊಸದುರ್ಗಕ್ಕೆ ಹೋಗಿದ್ದ ದಿನ.

ಅತ್ತೆಗೂ ಹೆಂಚಿಗೂ ಏನು ಸಂಬಂಧ ಅಂತ ಅವತ್ತು ಯೋಚಿಸುತ್ತಾ ಕೂತವಳಿಗೆ ಸಂಡಿಗೆ ನೆನಪಾಯಿತು.

ಅತ್ತೆ ಮಾಳಿಗೆ ಮನೆಯಲ್ಲಿ ಹುಟ್ಟಿ ಬೆಳೆದವರು. ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಬೇಸಿಗೆ ಬಂತೆಂದರೆ ಮೆಣಸಿನಕಾಯಿ, ಹುಣಸೆಹಣ್ಣು, ಸಂಡಿಗೆ ಎಲ್ಲ ಅಲ್ಲೇ. "ಮಾಳಿಗೆ ಇಲ್ದಿದ್ ಮನೆ ಮನೆಯೇನೋ?" ಅಂತ ಹೊಸ ಮನೆಗೆ ಬಂದಾಗಿನಿಂದ ಭಾವನನ್ನು ಬೈಯುತ್ತಿದ್ದರು. ಸಂಡಿಗೆಯನ್ನು ನೆಲದ ಮೇಲೆ ಹಾಕುವಂತಿಲ್ಲ. ಕೋಳಿ ನಾಯಿಯ ಕಾಟ ಒಂದು ಕಡೆ. ಓಡಾಡುವವರ ನೆರಳು ಬಿದ್ದರೆ ಸಂಡಿಗೆ ಕೆಂಪಾಗುತ್ತದೆ ಎನ್ನುವ ನಂಬಿಕೆ ಇನ್ನೊಂದು ಕಡೆ. ಹೀಗಾಗಿ ಮುಂದಿನ ಕೋಣೆಯ ತಗ್ಗು ಸೂರು ಅವರ ಕಣ್ಣಿಗೆ ಬಿದ್ದಿತ್ತು. ಭಾವ, ಅಕ್ಕ ಡ್ಯೂಟಿಗೆ ಹೋದ ಮೇಲೆ ಬೆಂಚು ಹಾಕಿಕೊಂಡು, ಹಳೆಯ ಪಂಚೆಯನ್ನು ಕರಿ ಹೆಂಚಿನ ಮೇಲೆ ಅರ್ಧಕ್ಕೆ ಹಾಸಿ, ಅದರ ಮೇಲೆ ಅಕ್ಕಿ ಸಂಡಿಗೆ ಇಡುತ್ತಿದ್ದರು. ಅವರಿಬ್ಬರೂ ವಾಪಸ್ ಬರುವಷ್ಟರಲ್ಲಿ ತೆಗೆದೂ ಬಿಡುತ್ತಿದ್ದರು.

"ನೋಡು ಆಶಿ, ಮಾಳಿಗೆ ಮೇಲೆ ಎರಡು ದಿನ ಬೇಕಿತ್ತು. ಈ ಗಾಜಿನ ಹೆಂಚು ಅರ್ಧ ದಿನಕ್ಕೆ ಒಣಗಿಸ್ತೈತೆ," ಅಂತ ಗಲಗಲ ಅನ್ನುವ ಸಂಡಿಗೆ ಮುರಿದು ತೋರಿಸುತ್ತಿದ್ದರು. "ಸೋಲಾರು ಇದಕ್ಕಾದ್ರೂ ಬಂತಲ್ಲ."

ಓಬಳೇಶ್ ಹೇಳಿದ ಮಾತು ನನಗೆ ನೆನಪಿತ್ತು. ಪಂಚೆಯ ಕೆಳಗೆ ನೆರಳೇ ಅಲ್ಲವೆ? ಕಲೆ ಇದ್ದಿದ್ದೂ ಪಂಚೆಯ ಅಂಚು ಬೀಳುವ ಜಾಗದ ಕೆಳಗೇ. ಅದೇ ಕಾರಣ ಅಂತ ಖಚಿತವಾಗಿ ಗೊತ್ತಿರಲಿಲ್ಲ. ನನ್ನಂಥವಳಿಗೆ ಹೊಳೆದಿದ್ದು ನಿಜವಿದ್ದೀತೆ ಅಂತಲೂ ಅನಿಸುತ್ತಿತ್ತು. ಆದರೆ ಹೇಳುವುದು ಹೇಗೆ? ಹೇಳಿದರೆ ಅತ್ತೆಯ ಮೇಲೆ ಚಾಡಿ ಹೇಳಿದ ಹಾಗೆ. ಒಂದು ಸಲ ಹಾಲು ಉಕ್ಕಿಸಿದ್ದಕ್ಕೆ, "ಅಕ್ಕನ ಮನೆ ಅಂತ ಬಂದು ಕುಂತೋರಿಗೆ ಹಾಲಿನ ಮೇಲೆ ಗ್ಯಾನ ಎಲ್ಲಿರ್ತೈತೆ?" ಅಂದಿದ್ದರು. ಈ ಮನೆ ಬಿಟ್ಟರೆ ನನಗೆ ಹೋಗಲು ಇನ್ನೊಂದು ಬಾಗಿಲಿಲ್ಲ.

ಅತ್ತೆಗೇ ಮೆಲ್ಲಗೆ ಹೇಳಿ ನೋಡಿದೆ. "ಅತ್ತೆ, ಸಂಡಿಗೆ ಬೆಂಚಿನ ಮೇಲೆ ಹಾಕಾಣ? ನಾನು ಕಾಯ್ತೀನಿ."

"ಯಾಕೆ, ಹೆಂಚು ಸವೀತೈತಾ?"

"ಅದರ ಮೇಲೆ ನೆರಳು ಬೀಳಬಾರ್ದು ಅಂತ ಅವರು ಹೇಳಿದ್ರು."

"ನೆರಳು ಬೀಳಬಾರ್ದು ಅಂತಾನೇ ಕಣೇ ನಾನೂ ಅಲ್ಲಿ ಹಾಕೋದು!" ಅಂದು ಅತ್ತೆ ಹಿಟ್ಟು ಕಲಸಲು ಹೋದರು.

ಮಾರನೆಯ ದಿನ ಮಂಗಳವಾರ. ನಾನು ತೊಟ್ಟಿಲ ಹಗ್ಗ ಬಿಚ್ಚಿ ನಡುಮನೆಯ ತೊಲೆಗೆ ಕಟ್ಟಿದೆ. ಮಗುವನ್ನು ಅಲ್ಲಿ ಮಲಗಿಸಿದಾಗ ಎಷ್ಟೋ ದಿನಗಳ ಮೇಲೆ ಒಂದು ಸಲ ಉಸಿರು ಪೂರಾ ಒಳಗೆ ಹೋಯಿತು. ಹಿತ್ತಲಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತರು.

"ಯಾರು ಕದಲಿಸಿದ್ದು?"

ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡೆ.

"ನಾಮಕರಣದ ದಿನ ಸ್ವಾಮೇರು ದಿಕ್ಕು ನೋಡಿ ಹೇಳಿದ್ ಜಾಗ ಅದು. ವರ್ಷ ತುಂಬೋ ತನಕ ಮುಟ್ಟಂಗಿಲ್ಲ. ಅದೂ ಮಂಗಳವಾರ! ಮಗೀಗೆ ಏನಾದ್ರೂ ಆದ್ರೆ ನೀನು ಬರ್ತೀಯೇನೇ ಹೊಣೆಗೆ?"

ಮಗುವಿಗೆ ಏನೂ ಆಗಬಾರದು ಅಂತಲೇ ನಾನು ಬಿಚ್ಚಿದ್ದು. ಅದನ್ನು ಹೇಳಲು ಬಾಯಿ ತೆರೆದರೆ ಅಳು ಬಂತು. ಅತ್ತೆ ತಾವೇ ಹಗ್ಗ ಬಿಚ್ಚಿ, ಮೊದಲಿನ ಜಾಗದಲ್ಲೇ ಕಟ್ಟಿ, ತೊಟ್ಟಿಲಿಗೆ ದೃಷ್ಟಿ ನಿವಾಳಿಸಿದರು.

ಅಕ್ಕ ಬಂದ ಮೇಲೆ ಅವಳಿಗೆ ಕಲೆ ತೋರಿಸಿದೆ. ಅಕ್ಕ ನಿಂತ ನಿಲುವಿನಲ್ಲೇ ತೂಕಡಿಸುತ್ತಿದ್ದಳು. "ನಿನ್ ಭಾವಂಗೆ ಹೇಳ್ದೇನೆ? ಅವರು ಏನಂದ್ರು? ಮತ್ತೆ? ಈ ಮನೆಗೆ ಏನಾದ್ರೂ ಅಂದ್ರೆ ಅವರಿಗೆ ಮೈ ಉರಿತೈತೆ. ಗುರುವಾರ ಆ ಸೋಲಾರಿನವರು ಬರ್ತಾರಂತೆ, ಅವರಿಗೇ ತೋರ್ಸಾಣ ಬಿಡು." ಸಂಡಿಗೆಯ ಮಾತನ್ನು ನಾನು ಅಕ್ಕನಿಗೂ ಹೇಳಲಿಲ್ಲ. ಹೇಳಿದರೆ ಅವಳೂ ಅತ್ತೆಯೂ ಜಗಳಕ್ಕೆ ಬೀಳುತ್ತಾರೆ, ನಡುವೆ ನಾನಿರುತ್ತೇನೆ.

ಗುರುವಾರ ಬೆಳಿಗ್ಗೆ ಭಾವ ಷೂ ಹಾಕಿಕೊಳ್ಳುತ್ತಾ, "ಇವತ್ತು ಸಂಜೆ ಓಬಳೇಶ್ ಬರ್ತಾನೆ. ಪೂರಾ ಸೂರಿಗೆ ಇದೇ ಹೆಂಚು ಅಂತ ಹೇಳಿಬಿಡ್ತೀನಿ. ದೀಪ ಎಷ್ಟು ಚೆಂದ ಉರಿತಾವೆ ನೋಡಿದ್ರಲ್ಲ," ಅಂದರು. ಪೂರಾ ಸೂರು. ನಡುಮನೆ, ಅಡುಗೆಮನೆ, ಎಲ್ಲರೂ ಮಲಗುವ ಜಾಗ. ನಾನು ಸೂರನ್ನು ಒಂದು ಸುತ್ತು ನೋಡಿದೆ. ಇಷ್ಟನ್ನೂ ಕಾಯಲು ನನಗೆ ಎಷ್ಟು ಕಣ್ಣು ಬೇಕು?

ಅವತ್ತಿನ ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ಅತ್ತೆ ಯುಗಾದಿಗೆ ಬರುವ ನೆಂಟರಿಗೆ ಅಂತ ಎಂದಿಗಿಂತ ಹೆಚ್ಚು ಸಂಡಿಗೆ ಇಟ್ಟಿದ್ದರು. ಪಂಚೆಯ ಪಕ್ಕದಲ್ಲಿ ಹಳೆಯ ಸೀರೆಯ ತುಂಡು ಬೇರೆ.

ಮಧ್ಯಾಹ್ನ. ಅಂಜನ್ ಆಗತಾನೇ ಕಣ್ಣು ಮುಚ್ಚಿದ್ದ. ನಾನು ತೂಗುತ್ತಾ ಮೇಲೆ ನೋಡಿದೆ. ಕಲೆ ಅಂಗೈಯಷ್ಟಾಗಿತ್ತು. ನಡುವೆ ಒಂದು ಸಣ್ಣ ಬಿರುಕು. ಬಿರುಕಿನಿಂದ ದಾರದ ಎಳೆಯಂತೆ ಏನೋ ಇಳಿಯಿತು. ಜೇಡರ ಬಲೆ ಅಂದುಕೊಂಡೆ. ಅದು ಅಲ್ಲಾಡಿತು, ಮೇಲಕ್ಕೆ ತಿರುಗಿತು, ಇನ್ನೊಂದು ಎಳೆ ಬಂತು. ಹೊಗೆ.

ಮಗುವನ್ನು ಎತ್ತಿಕೊಂಡಿದ್ದು ನೆನಪಿದೆ. ಹೊರಗೆ ಬಂದಿದ್ದು ನೆನಪಿಲ್ಲ. ಅಂಗಳದ ಆ ತುದಿಯ ಬೇವಿನ ಬುಡದಲ್ಲಿ ಬಟ್ಟೆ ಹಾಸಿ ಮಲಗಿಸಿದೆ. ಮಗು ಎದ್ದು ಅಳಲು ಶುರು ಮಾಡಿತು. ಅಳುತ್ತಿರುವುದೇ ಒಳ್ಳೆಯದು ಅನಿಸಿತು; ಅಳು ಕೇಳುತ್ತಿದ್ದರೆ ಅದು ಅಲ್ಲೇ ಇದೆ ಅಂತ ಗೊತ್ತಾಗುತ್ತದೆ. ಒಳಗೆ ಓಡಿ ಮೇನ್ ಸ್ವಿಚ್ ಕೆಳಗೆ ಎಳೆದೆ. ಫ್ರಿಜ್ಜು ನಿಂತಿತು. ಕೋಣೆಗೆ ಬಂದು ನೋಡಿದರೆ ಹೊಗೆ ನಿಂತಿರಲಿಲ್ಲ. ಭಾವನಿಗೆ ಫೋನು ಮಾಡಿದೆ. ಹಳಿಯ ಮೇಲೆ ಕೆಲಸ ಮಾಡುವಾಗ ಅವರು ಫೋನು ಎತ್ತುವುದಿಲ್ಲ. ಹೆಂಚಿನ ತಂತಿಯ ಡಬ್ಬಿಯ ಕೀಲಿ ಅವರ ಸೊಂಟದಲ್ಲಿ.

"ಅತ್ತೆ!"

ಅದು ನನ್ನ ದನಿ ಅಂತ ನನಗೇ ಅನಿಸಲಿಲ್ಲ. ಹಿತ್ತಲಲ್ಲಿ ಮಣ್ಣು ಕಲಸುತ್ತಿದ್ದ ಅತ್ತೆ ಓಡಿ ಬಂದರು. ಹಬ್ಬಕ್ಕೆ ಒಲೆ ಸಾರಿಸಲು ಅಂತ ಕೆಮ್ಮಣ್ಣು ನಾದುತ್ತಿದ್ದರು. ಮೊಣಕೈ ತನಕ ಮಣ್ಣು. ಹೊಗೆ ನೋಡಿದವರೇ, "ಅಯ್ಯೋ ನನ್ ಕೂಸು!" ಅಂದರು.

"ಹೊರಗೈತೆ. ಅಂಜು ಹೊರಗೈತೆ."

ಅತ್ತೆ ಬಿಂದಿಗೆ ಎತ್ತಿಕೊಂಡು ಬೆಂಚು ಹತ್ತಲು ಹೋದರು. ನಾನು ಅವರ ಸೀರೆ ಹಿಡಿದು ಕೆಳಗೆ ಎಳೆದೆ. ಅವರು ಬಿಂದಿಗೆಯ ಸಮೇತ ಬೀಳುವುದರಲ್ಲಿದ್ದರು.

"ನೀರು ಹಾಕಬ್ಯಾಡ್ರಿ! ಕರೆಂಟ್ ಐತೆ, ಸಾಯ್ತೀರ!"

"ಸ್ವಿಚ್ ತೆಗಿಯೇ ಮತ್ತೆ!"

"ತೆಗ್ದೀನಿ. ಹೋಗ್ತಿಲ್ಲ. ಅದು ಬಿಸಿಲಿನ ಕರೆಂಟು."

ಬಿಸಿಲಿಗೆ ಸ್ವಿಚ್ಚಿಲ್ಲ. ನೆತ್ತಿಯ ಮೇಲೆ ಸೂರ್ಯ ಅಲ್ಲೇ ನಿಂತಿದ್ದ. ಸಂಜೆಯಾದರೆ ಹೋಗುತ್ತದೆ, ಮೋಡವಾದರೆ ಹೋಗುತ್ತದೆ, ಅಷ್ಟೇ ನನಗೆ ಗೊತ್ತಿದ್ದಿದ್ದು. ಸಂಜೆಯ ತನಕ ಈ ಮನೆ ಇರುವುದಿಲ್ಲ. ಹೊಗೆ ಕಿಟಕಿಯಿಂದಲೂ ಬರಲು ಶುರುವಾಗಿತ್ತು, ಅದರ ಹಿಂದೆಯೇ ಡಾಂಬರಿನ ವಾಸನೆ. ಗೋಡೆ ಹತ್ತಿದರೆ ಮುಗಿಯಿತು.

ನಾನು ಒಳಗೆ ಹೋಗಿ ಮಂಚದ ಮೇಲಿದ್ದ ಎರಡು ಕರಿ ಕಂಬಳಿಗಳನ್ನು ಎಳೆದು ತಂದೆ. ಅತ್ತೆಯ ತವರಿನವು, ಬೆಳಕಿಗೆ ಹಿಡಿದರೂ ಆಚೆ ಏನೂ ಕಾಣದಷ್ಟು ದಪ್ಪ. ಬೆಂಚು ಹತ್ತಿ, ಕಾಯಿ ಕೀಳುವ ದೋಟಿಯ ಕೊಕ್ಕೆಯಿಂದ ಪಂಚೆ, ಸೀರೆ ಎರಡನ್ನೂ ಎಳೆದು ಬೀಳಿಸಿದೆ. ಸಂಡಿಗೆಯೆಲ್ಲ ಅಂಗಳಕ್ಕೆ ಚೆಲ್ಲಿತು. ಕಂಬಳಿಯನ್ನು ದೋಟಿಯ ತುದಿಯಿಂದ ಮೇಲಕ್ಕೆ ತಳ್ಳಿದೆ. ಮೊದಲನೆಯ ಸಲ ಜಾರಿತು. ಎರಡನೆಯ ಸಲ ಅತ್ತೆ ಕೆಳಗಿನಿಂದ ಅಂಚು ಹಿಡಿದುಕೊಂಡರು. ಒಂದು ಕಂಬಳಿ ಕೂತಿತು, ಅದರ ಪಕ್ಕ ಇನ್ನೊಂದು. ಒಂದೇ ಒಂದು ಹೆಂಚೂ ಕಾಣದ ಹಾಗೆ ಅಂಚುಗಳನ್ನು ಎಳೆದೆ. ಸರಿ ಮಾಡುತ್ತಿದ್ದೇನೋ ತಪ್ಪು ಮಾಡುತ್ತಿದ್ದೇನೋ ಗೊತ್ತಿರಲಿಲ್ಲ. ಉರಿಯುವುದರ ಮೇಲೆ ಕಂಬಳಿ ಹೊದಿಸಿದ್ದೇನೆ, ಇದೂ ಹತ್ತಿಕೊಂಡರೆ?

ಒಳಗೆ ಬಂದು ನೋಡಿದೆವು. ಹೊಗೆ ತೆಳ್ಳಗಾಗಿತ್ತು. ಪೂರಾ ನಿಂತಿರಲಿಲ್ಲ. ಬಿರುಕಿನೊಳಗೆ ಕೆಂಡದ ಒಂದು ಗೆರೆ ಕಾಣುತ್ತಿತ್ತು, ಉಸಿರಾಡುವ ಹಾಗೆ ಕೆಂಪಾಗಿ, ಕಪ್ಪಾಗಿ, ಕೆಂಪಾಗಿ.

"ಮಣ್ಣು ಮೆತ್ತಲಾ?" ಅಂದರು ಅತ್ತೆ. ಈ ಮನೆಗೆ ಬಂದಾಗಿನಿಂದ ಅವರು ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು.

ಮಣ್ಣು ಹಸಿ. ಕೈ ಹಸಿ. ಕಂಬಳಿಯ ಕೆಳಗೆ ಕರೆಂಟು ಸತ್ತಿದೆಯೋ ಇಲ್ಲವೋ ಹೇಳುವವರು ಯಾರು? ಬ್ಯಾಟರಿಯ ಮೇಲಿನ ಹಸಿರು ದೀಪ ಬಿಸಿಲಿದ್ದಾಗ ಮಾತ್ರ ಉರಿಯುತ್ತಿತ್ತು. ಓಡಿ ಹೋಗಿ ನೋಡಿದೆ. ಅದು ಆರಿತ್ತು.

"ಮೆತ್ತಾಣ. ಆದ್ರೆ ನಾನು ಮೆತ್ತುತೀನಿ, ನೀವು ದೂರ ನಿಂತ್ಕಳ್ರಿ."

"ನಿಂಗೆ ಸಾರಿಸಾಕೆ ಬರ್ತೈತೇನೇ? ಸರಿ ಅತ್ಲಾಗೆ," ಅಂದು ಅತ್ತೆ ಮಣ್ಣಿನ ಬುಟ್ಟಿ ತಂದು, ಸ್ಟೂಲು ಹತ್ತಿ, ಬೊಗಸೆ ತುಂಬಿಕೊಂಡರು. ಅವರ ಕೈ ಹಲಗೆಗೆ ತಗಲುವ ಗಳಿಗೆಯಲ್ಲಿ ನಾನು ಕಣ್ಣು ಮುಚ್ಚಿದೆ. ಚುಸ್ ಎಂದು ಸದ್ದಾಯಿತು. ಕಣ್ಣು ತೆರೆದರೆ ಅತ್ತೆ ಸ್ಟೂಲಿನ ಮೇಲೇ ಇದ್ದರು, ಗೋಡೆಗೆ ಮೆತ್ತುವ ಹಾಗೆ ಅಂಗೈಯಿಂದ ಒತ್ತಿ ಒತ್ತಿ ಮೆತ್ತುತ್ತಿದ್ದರು. ಬಿಸಿ ಮಣ್ಣು ತಲೆಯ ಮೇಲೆ, ಮುಖದ ಮೇಲೆ ಉದುರುತ್ತಿತ್ತು. ಬಾಯಲ್ಲಿ ಚೌಡಮ್ಮನ ಹೆಸರು. ನಾನು ಕೆಳಗಿನಿಂದ ಮುದ್ದೆ ಮುದ್ದೆ ಕೊಡುತ್ತಿದ್ದೆ. ಬುಟ್ಟಿ ಖಾಲಿಯಾದಾಗ ಹೊಗೆ ಇರಲಿಲ್ಲ. ಆದರೂ ಇಬ್ಬರೂ ಹೊರಗೆ ಬರಲಿಲ್ಲ, ಮೇಲೆ ನೋಡುತ್ತಾ ನಿಂತೆವು. ಹೊರಗೆ ಅಂಜನ್ ಅತ್ತು ಅತ್ತು ದನಿ ಕಟ್ಟಿಹೋಗಿತ್ತು.

ಭಾವ ಮತ್ತು ಓಬಳೇಶ್ ಬಂದಾಗ ಬಿಸಿಲು ಇಳಿದಿತ್ತು. ಓಬಳೇಶ್ ಡಬ್ಬಿಯ ಬೀಗ ತೆಗೆಸಿ ತಂತಿ ಬಿಡಿಸಿದರು. ಕಂಬಳಿ ಸರಿಸಿ ಹೆಂಚು ಕಿತ್ತರು. ಕೆಳಗಿನ ಹಲಗೆಯ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ಇದ್ದಿಲಿನೊಳಗೆ ಹೋಯಿತು. ಒಂದು ಗೇಣು ಆಚೆ ಗೋಡೆಯ ಮೇಲಿನ ಸ್ಲೀಪರ್ ಶುರುವಾಗುತ್ತಿತ್ತು.

"ಇದೇನಿದು, ಹೆಂಚಿನ ಮೇಲೆ ಗಂಜಿ?" ಅಂದರು ಓಬಳೇಶ್.

ನಾನು ನೆಲ ನೋಡಿದೆ. ಅತ್ತೆಯೇ ಹೇಳಿದರು. "ಸಂಡಿಗೆ ಕಣಪ್ಪ. ನಾನೇ ಒಣಗಾಕಿದ್ದೆ."

"ನೆರಳು ಬೀಳಬಾರ್ದು ಅಂದಿದ್ನಲ್ಲ ಸಾರ್."

"ಕೊಂಬೆ ಕಡಿಸಿದ್ನಲ್ರೀ," ಅಂದರು ಭಾವ.

"ಪಂಚೆ ಹಾಸಿದ್ರೂ ನೆರಳೇ ಅಲ್ವಾ? ಬಿಸಿಲಲ್ಲಿರೋ ಹೆಂಚು ಮಾಡಿದ ಕರೆಂಟೆಲ್ಲ ನೆರಳಲ್ಲಿರೋದರ ಮೇಲೆ ಹೋಗಿ ಕಾಯಿಸ್ತೈತೆ. ಅದನ್ನ ತಡಿಯೋಕೆ ಒಳಗೊಂದು ಸಣ್ಣ ಸಾಮಾನು ಇರ್ತೈತೆ, ಇದರಲ್ಲಿ ಅದೂ ಸುಟ್ಟೈತೆ." ಓಬಳೇಶ್ ಹೆಂಚನ್ನು ತಿರುಗಿಸಿ ನೋಡಿ ಕೆಳಗಿಟ್ಟರು. "ತಪ್ಪು ನಂದೂ ಐತೆ. ಮರದ ಮೇಲೆ ಗಾಳಿ ಆಡೋಕೆ ಸಂದು ಬಿಟ್ಟು ಹೊಡಿಬೇಕಿತ್ತು. ಇದರ ಕೆಳಗೆ ಮಗು ಮಲಗ್ತೈತೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ."

ಭಾವ ಆ ಹೆಂಚನ್ನು ಎತ್ತಿ ಹಿಂದೆ ಮುಂದೆ ನೋಡಿ, "ಅಂದ್ರೆ ಸಂದು ಬಿಟ್ಟು ಹೊಡೆದ್ರೆ ಸರಿ ಹೋಗ್ತೈತೆ. ಸಂಡಿಗೆ ಹಾಕಬ್ಯಾಡ ಅಂತ ಅವ್ವಂಗೆ ಹೇಳ್ತೀನಿ. ಹೆಂಚೇ ಹಾಕಾಣ," ಅಂದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಪರ ಗಂಡಸರ ಮುಂದೆ ನಾನು ಬರುವುದಿಲ್ಲ. ಕಾಲು ತಾನಾಗಿ ಹೊಸ್ತಿಲು ದಾಟಿತು.

"ಬ್ಯಾಡ ಭಾವ."

ಎಲ್ಲರೂ ತಿರುಗಿದರು.

"ಅತ್ತೆ ಹಾಕಲ್ಲ, ಸರಿ. ಮೇಲೆ ಒಂದು ಒಣಗೆಲೆ ಹಾರಿ ಬಂದು ಕುಂತ್ರೆ? ನೆಂಟರು ಯಾರಾದ್ರೂ ಟವೆಲ್ ಒಣಗಾಕಿದ್ರೆ? ನಾನು ದಿನಾ ಮೇಲೆ ನೋಡ್ಕೊಂಡೇ ಕೂರ್ಬೇಕಾ? ನಾನು ಸ್ನಾನಕ್ಕೆ ಹೋದಾಗ ಹತ್ತಿಕೊಂಡ್ರೆ? ಅಂಜು ಮಲಗೋ ಮನೆ ಮೇಲೆ ಬ್ಯಾಡ ಭಾವ. ಬ್ಯಾರೆ ಎಲ್ಲಾದ್ರೂ ಹಾಕಿಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಗೇಟಿನ ಹತ್ತಿರ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಹೆಗಲ ಮೇಲೆ ಚೀಲ, ಖಾಕಿ ಅಂಗಿ. ಅಂಗಳದಲ್ಲಿ ಚೆಲ್ಲಿದ ಸಂಡಿಗೆ, ಸೂರಿನ ಕಪ್ಪು ಗುಂಡಿ, ಅತ್ತೆಯ ಕೂದಲಲ್ಲಿ ಒಣಗಿದ ಮಣ್ಣು ಎಲ್ಲವನ್ನೂ ನೋಡಿದಳು. ಮಗುವನ್ನು ಅತ್ತೆಯ ಕಂಕುಳಿಂದ ತೆಗೆದುಕೊಂಡು, ಅದರ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿ, "ಅವಳು ಹೇಳ್ದಂಗೆ ಮಾಡ್ರಿ. ಇಲ್ಲಾಂದ್ರೆ ನಾನು ಒಳಗೆ ಬರಲ್ಲ," ಅಂದಳು.

"ಅಂಗೇ ಮಾಡಪ್ಪ," ಅಂದರು ಅತ್ತೆ. ಆಮೇಲೆ ನನ್ನ ಕಡೆ ನೋಡದೆ, "ಅಷ್ಟು ಗೊತ್ತಿದ್ದೋಳು ನನ್ ಕೆನ್ನೆಗಾದ್ರೂ ಹೊಡೆದು ಹೇಳಬಾರ್ದಿತ್ತೇನೇ?" ಅಂದರು.

ಭಾವ ಒಳಗೆ ಹೋದರು. ಸಿಟ್ಟಾದರು ಅಂದುಕೊಂಡು ನಾನು ಗೋಡೆಗೆ ಒತ್ತಿ ನಿಂತೆ. ಅವರು ಹಾಸಿಗೆಯನ್ನು ಹೊತ್ತುಕೊಂಡು ಹೊರಗೆ ಬಂದರು. ಅಂಗಳದ ನಡುವೆ ಹಾಕಿದರು. ಮತ್ತೆ ಒಳಗೆ ಹೋಗಿ ದಿಂಬು ತಂದರು, ಚಾಪೆ ತಂದರು, ಅತ್ತೆಯ ಮಾತ್ರೆ ಡಬ್ಬಿ ತಂದರು. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಸೂರು ನೋಡಿಯೇ ಒಳಗೆ ಕಾಲಿಡುತ್ತಿದ್ದರು.

ಓಬಳೇಶ್ ಉಳಿದ ಹೆಂಚುಗಳನ್ನೂ ಕಿತ್ತು ಗಾಡಿಗೆ ಹಾಕಿದರು. "ಹಂಗಾದ್ರೆ ಸೂರಿಗೆ ಮಾಮೂಲಿ ಮಂಗಳೂರು ಹೆಂಚು ಹೊದಿಸ್ಕಳ್ರಿ. ಪ್ಯಾನೆಲ್ಲು ನೆಲದ ಮೇಲೆ ಕಂಬ ನೆಟ್ಟು ಹಾಕ್ತೀನಿ. ಎಲ್ಲಿ ನೆಡ್ಲಿ ಸಾರ್? ಇಲ್ಲಿ ಆಗ್ಬೋದಾ?" ಅಂತ ಅಂಗಳದಲ್ಲಿ ಕಾಲಿನಿಂದ ಗೆರೆ ಎಳೆದರು.

"ಆಚೆ," ಅಂದರು ಭಾವ.

ಓಬಳೇಶ್ ಸ್ವಲ್ಪ ದೂರ ಹೋಗಿ ನಿಂತರು. "ಇಲ್ಲಿ?"

"ಇನ್ನೂ ಆಚೆ."

"ಸಾರ್, ಅಷ್ಟು ದೂರದಿಂದ ವೈರ್ ಎಳಿಬೇಕಾಗ್ತೈತೆ. ಇಲ್ಲಿಂದ ಏನೂ ಆಗಲ್ಲ, ನಾನು ಹೇಳ್ತೀನಲ್ಲ."

ಭಾವ ಮಗುವಿನ ಕಡೆ ಒಂದು ಸಲ ನೋಡಿ, ತಾವೇ ನಡೆದುಕೊಂಡು ಹೋಗಿ, ಬೇಲಿಗೆ ಬೆನ್ನು ತಾಗುವ ತನಕ ಹಿಂದಕ್ಕೆ ಸರಿದು ನಿಂತರು.

"ಇಲ್ಲಿ ನೆಡ್ರಿ," ಅಂದರು.